ಅಂಗಳದ ಹೂವು ಮತ್ತು ಉತ್ತರಿಸದೆ ಉಳಿದ ಒಂದು ಪ್ರಶ್ನೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಕರೆ ಮಾಡಿದ್ದಳು. ಮೂರನೆಯ ಮಹಡಿಯಲ್ಲಿ ಹೊಸ ಮನೆ ಕೊಂಡಿದ್ದಾಳೆ. ಬಾಲ್ಕನಿಯಲ್ಲಿ ನಾಲ್ಕು ಹೂವಿನ ಗಿಡ ಬೆಳೆಸಬೇಕೆಂಬ ಆಸೆ ಅವಳಿಗೆ. "ಸರ್, ನೀವು ನಿವೃತ್ತರಾದ ಮೇಲೆ ದೊಡ್ಡ ತೋಟ ಮಾಡೀರಂತಲ್ಲ, ಎಲ್ಲಿಂದ ಶುರು ಮಾಡ್ಲಿ ಹೇಳ್ರಿ" ಎಂದು ಕೇಳಿದಳು. ನನ್ನದು ದೊಡ್ಡ ತೋಟವೇನೂ ಅಲ್ಲ. ಚಿಕ್ಕೇರೂರಿನ ನಮ್ಮ ಮನೆಯ ಮುಂದಿನ ಅಂಗಳ ಮತ್ತು ಹಿಂದಿನ ಹಿತ್ತಲು, ಎರಡೂ ಸೇರಿ ಒಂದು ತರಗತಿಯ ಕೋಣೆಯಷ್ಟಿರಬಹುದು. ಆದರೂ ಅವಳಿಗೆ ಉತ್ತರ ಹೇಳಲು ಹೊರಟಾಗ, ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇನ್ನೊಬ್ಬ ವಿದ್ಯಾರ್ಥಿ ಹೂವಿನ ಬಗ್ಗೆಯೇ ಕೇಳಿದ್ದ, ನಾನು ಉತ್ತರಿಸದೆ ಬಿಟ್ಟಿದ್ದ ಪ್ರಶ್ನೆಯೊಂದು ನೆನಪಿಗೆ ಬಂದಿತು. ಈ ಲೇಖನ ಆ ಇಬ್ಬರಿಗೂ ಸೇರಿದ್ದು.

ಮೊದಲು ನನ್ನ ಸೋಲಿನ ಕಥೆಯನ್ನು ಹೇಳಿಬಿಡುತ್ತೇನೆ. ನಿವೃತ್ತಿಯ ಮರುವಾರವೇ ಪೇಟೆಗೆ ಹೋಗಿ ಆರು ಗುಲಾಬಿ ಸಸಿಗಳನ್ನು ತಂದು, ಸಾಲಾಗಿ ನೆಟ್ಟು, ಮೂರು ಹೊತ್ತೂ ನೀರೆರೆದೆ. ನನ್ನ ಶ್ರೀಮತಿಯವರು ಬಾಗಿಲಲ್ಲಿ ನಿಂತು, "ಗಿಡ ಹಚ್ಚೂದು ಅಂದ್ರ ಪಾಠ ಹೇಳಿದಂಗಲ್ರಿ, ನೀವು ಹೇಳಿದಂಗ ಅವು ಕೇಳಂಗಿಲ್ಲ" ಎಂದು ನಕ್ಕರು. ಎರಡು ಸಸಿಗಳು ಬೇರು ಕೊಳೆತು ಸತ್ತವು. ಇನ್ನೆರಡು ಒಣಗಿದವು. ಉಳಿದೆರಡು ಮಾತ್ರ ಆಳೆತ್ತರ ಬೆಳೆದು ನಿಂತವು. ಅವುಗಳ ಹುಲುಸಾದ ಟಿಸಿಲುಗಳನ್ನು ಬಂದವರಿಗೆಲ್ಲ ಅಭಿಮಾನದಿಂದ ತೋರಿಸುತ್ತಿದ್ದೆ. ವರ್ಷ ಕಳೆದರೂ ಅವುಗಳಲ್ಲಿ ಒಂದು ಮೊಗ್ಗೂ ಕಾಣಲಿಲ್ಲ.

ಆ ಗುಟ್ಟನ್ನು ಬಿಡಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಸಹಪಾಠಿಗಳಿಗೆ ಬರೆಯದೆಯೇ ತಿಳಿಯುತ್ತದೆ. ಈಗ ಅವನು ಹೂವಿನ ವ್ಯಾಪಾರ ಮಾಡುತ್ತಾನೆ, ಜೊತೆಗೆ ಅರ್ಧ ಎಕರೆಯಲ್ಲಿ ಸಸಿಗಳನ್ನೂ ಬೆಳೆಸುತ್ತಾನೆ. ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದವನು ಗಿಡವನ್ನು ನೋಡಿ, ಅದರ ಬುಡದ ಬಳಿ ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣು ಸರಿಸಿದ. "ಸರ್, ಇದು ನೀವು ತಂದ ಗುಲಾಬಿ ಅಲ್ರೀ. ಕಸಿ ಕಟ್ಟಿದ ಗಂಟು ಇಲ್ಲೈತಿ ನೋಡ್ರಿ. ಈ ಟಿಸಿಲೆಲ್ಲಾ ಗಂಟಿನ ಕೆಳಗಿಂದ ಬಂದಾವ. ಅದು ಕಾಡುಗುಲಾಬಿ. ಅದು ಬೆಳದಂಗ ಮ್ಯಾಲಿಂದು ಸತ್ತುಹೋಗೈತಿ" ಎಂದ. ಪೇಟೆಯ ಗುಲಾಬಿ ಸಸಿಗಳೆಲ್ಲ ಹೆಚ್ಚಾಗಿ ಗಟ್ಟಿ ಬೇರಿನ ಒಂದು ಗಿಡದ ಮೇಲೆ ಒಳ್ಳೆಯ ತಳಿಯ ಕಣ್ಣನ್ನು ಕೂರಿಸಿ ಮಾಡಿದವು. ಕಸಿಗಂಟಿನ ಕೆಳಗೆ ಒಡೆಯುವ ಚಿಗುರನ್ನು ಕಂಡ ಕೂಡಲೇ ಬುಡಸಮೇತ ಕಿತ್ತು ಹಾಕಬೇಕು. ಹಾಗೆ ಮಾಡದಿದ್ದರೆ ಬೇರು ಹೀರಿದ ಸಾರವೆಲ್ಲ ಅದರ ಪಾಲಾಗುತ್ತದೆ. ಒಂದು ವರ್ಷ ನಾನು ಬೆಳೆಸಿದ್ದು ಹೂ ಬಿಡುವ ಗಿಡವನ್ನಲ್ಲ, ಅದನ್ನು ಕೊಂದ ಗಿಡವನ್ನು.

ಅವನು ಎದ್ದು ಕೈ ತೊಳೆಯುತ್ತಿದ್ದಾಗ ನನಗೆ ಅವನ ಒಂಬತ್ತನೆಯ ತರಗತಿಯ ಮುಖ ಕಣ್ಣ ಮುಂದೆ ಬಂದಿತು. ಅವನದು ಹೂಗಾರರ ಮನೆತನ. ಬೆಳಗಾಗುವ ಮೊದಲೇ ತಂದೆಯೊಡನೆ ಎದ್ದು, ಹೂವು ಪತ್ರಿ ಕೊಯ್ದು, ಮನೆಮನೆಗೆ ಮುಟ್ಟಿಸಿ, ಆಮೇಲೆ ಶಾಲೆಗೆ ಬರುತ್ತಿದ್ದ. ಆದ್ದರಿಂದ ದಿನವೂ ತಡವಾಗುತ್ತಿತ್ತು. ಕಾರಣವನ್ನು ನಾನು ಒಮ್ಮೆಯೂ ಕೇಳಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಬಂದವರನ್ನು ಹೊರಗೆ ನಿಲ್ಲಿಸುವುದೇ ಶಿಸ್ತು ಎಂದು ನಂಬಿದ್ದ ಕಾಲ ಅದು. ಒಂದು ದಿನ ವಿಜಯನಗರದ ಪಾಠ ನಡೆದಿತ್ತು. ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕನು, ಆ ನಗರದಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಿದ್ದರೆಂದೂ, ಅಲ್ಲಿಯ ಜನರಿಗೆ ಹೂವು ಅನ್ನದಷ್ಟೇ ಅಗತ್ಯವೆಂಬಂತೆ ತೋರಿತೆಂದೂ ಬರೆದಿರುವುದನ್ನು ಹೇಳಿದೆ. ಹಿಂದಿನ ಬೆಂಚಿನಿಂದ ಈ ಹುಡುಗ ಎದ್ದು ನಿಂತು, "ಸರ್, ಅಷ್ಟು ಹೂವು ದಿನಾ ಯಾರು ಕೊಯ್ತಿದ್ರು?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು, "ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡು" ಎಂದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಮನೆಯ ಕಷ್ಟವೇ ಮುಖ್ಯ ಕಾರಣವಿರಬಹುದು. ಆದರೂ ಆ ಮಾತು ನನ್ನದೇ ಬಾಯಿಂದ ಬಂದದ್ದು. ಇತಿಹಾಸದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ಸೇವಾವಧಿಯಲ್ಲಿ ಬೇರಾರೂ ಕೇಳಿದ ನೆನಪಿಲ್ಲ.

ಈಗ ಆ ಪ್ರಶ್ನೆಯನ್ನೇ ಹಿಡಿದುಕೊಂಡು ನಮ್ಮ ನಾಡಿನ ಹೂದೋಟಗಳ ಇತಿಹಾಸವನ್ನು ನೋಡೋಣ.

ನಮ್ಮ ಹಿರೇಕೆರೂರು ತಾಲೂಕು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೆರಗು. ಒಂದು ಕಡೆ ಬನವಾಸಿ, ಇನ್ನೊಂದು ಕಡೆ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ. ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನಿಗೆ ಬನವಾಸಿಯನ್ನು ನೆನೆಸಿಕೊಡುವ ಸಂಗತಿಗಳಲ್ಲಿ ಅರಳಿದ ಮಲ್ಲಿಗೆಯೂ ಒಂದು ಎಂಬುದು ನಿಮಗೆಲ್ಲ ಪಾಠದಲ್ಲಿ ಬಂದ ವಿಷಯವೇ. ಕವಿಗೆ ಮಲ್ಲಿಗೆ ನೆನಪಾಯಿತು. ಮಲ್ಲಿಗೆಗೆ ನೀರೆರೆದವರ ಸುದ್ದಿ ತಿಳಿಯಬೇಕಾದರೆ ಶಾಸನಗಳ ಬಳಿಗೆ ಹೋಗಬೇಕು. ದೇವಾಲಯಗಳಿಗೆ ಭೂಮಿ ದತ್ತಿ ಬಿಟ್ಟ ಹಳೆಯ ಕನ್ನಡ ಶಾಸನಗಳಲ್ಲಿ ಗದ್ದೆ, ಬೆದ್ದಲು, ಗಾಣಗಳ ಜೊತೆಗೆ 'ಪೂದೋಂಟ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. 'ಪಾಲು' ಹಾಲಾದಂತೆ, 'ಪುಲಿ' ಹುಲಿಯಾದಂತೆ, 'ಪೂ' ಹೂವಾಯಿತು, ಪೂದೋಂಟ ಹೂದೋಟವಾಯಿತು. ದೇವರ ಸೇವೆಗೆ ನೇಮಕವಾದವರಲ್ಲಿ ಹೂಮಾಲೆ ಕಟ್ಟುವ 'ಮಾಲೆಗಾರ'ನ ಪಾಲೂ ಇರುತ್ತದೆ. ಹೂದೋಟವೆಂಬುದು ಅಂದು ವಿರಾಮದ ವಿಲಾಸವಾಗಿರಲಿಲ್ಲ. ಅದಕ್ಕೆ ನೆಲವಿತ್ತು, ನೀರಿನ ಹಕ್ಕಿತ್ತು, ದುಡಿಯುವವನಿಗೆ ಇಂತಿಷ್ಟೆಂದು ಪಾಲಿತ್ತು.

ತೋಟಗಾರಿಕೆಯ ತಿಳಿವಳಿಕೆಯೂ ಆಗ ಬರಹಕ್ಕೆ ಇಳಿದಿತ್ತು. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ಬರೆದ 'ಲೋಕೋಪಕಾರ'ವು ಜನಸಾಮಾನ್ಯರಿಗೆ ಬೇಕಾದ ವಿದ್ಯೆಗಳನ್ನೆಲ್ಲ ಕನ್ನಡದಲ್ಲಿ ಒಟ್ಟುಗೂಡಿಸಿದ ಗ್ರಂಥ. ಅಡುಗೆ, ಸುಗಂಧ, ನೆಲದಡಿಯ ನೀರನ್ನು ಗುರುತಿಸುವ ಬಗೆ ಮುಂತಾದವುಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಅದರಲ್ಲಿ ಒಂದು ಭಾಗವಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿಯೂ ಗಿಡಮರಗಳ ಪೋಷಣೆಗೆ ಸ್ಥಾನ ದೊರೆತಿದೆ. ಸಾವಿರ ವರ್ಷಗಳ ಹಿಂದೆ ಕನ್ನಡದಲ್ಲಿ ಓದಬಲ್ಲವನೊಬ್ಬನು ಗಿಡ ಬೆಳೆಸುವ ವಿಧಾನವನ್ನು ಪುಸ್ತಕದಿಂದ ತಿಳಿಯಬಹುದಾಗಿತ್ತು ಎಂಬುದು ಸಣ್ಣ ಸಂಗತಿಯೇನಲ್ಲ.

ಮುಂದೆ ಶರಣರ ಕಾಲ ಬಂದಾಗ ಹೂ ಕೊಯ್ಯುವ ಕೆಲಸವೂ ಕಾಯಕವೆನಿಸಿತು. ಹೂಗಾರ ಮಾದಯ್ಯನೆಂಬ ಶರಣನನ್ನು ಇಂದಿಗೂ ಹೂಗಾರ ಸಮಾಜದವರು ತಮ್ಮ ಮೂಲಪುರುಷನಂತೆ ಸ್ಮರಿಸುತ್ತಾರೆ. ಹಂಪೆಯ ಹರಿಹರ ಕವಿಯು 'ಪುಷ್ಪರಗಳೆ' ಎಂಬ ಕೃತಿಯನ್ನೇ ಹೂವಿನ ಪೂಜೆಗೆಂದು ಮೀಸಲಿಟ್ಟ. ನಮ್ಮ ಬಾಲ್ಯದಲ್ಲಿ ಹೂಗಾರರು ಬೆಳಗಿನ ಜಾವ ಬುಟ್ಟಿ ಹೊತ್ತು ಬಂದು ಬಾಗಿಲಲ್ಲಿ ಹೂವು ಪತ್ರಿ ಇಟ್ಟು ಹೋಗುತ್ತಿದ್ದರು. ದಿನದಿನಕ್ಕೆ ದುಡ್ಡಿನ ಲೆಕ್ಕವಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಪಡೆಯುತ್ತಿದ್ದರು. ಕಣಗಳೇ ಇಲ್ಲವಾಗಿ, ಕಾಳಿನ ಜಾಗಕ್ಕೆ ಹಣ ಬಂದು, ಹೂವು ತೂಕದ ಸರಕಾದಾಗ ಆ ಏರ್ಪಾಡು ಸದ್ದಿಲ್ಲದೆ ಮುಗಿಯಿತು. ನನ್ನ ವಿದ್ಯಾರ್ಥಿಯ ತಂದೆ ಆ ಏರ್ಪಾಡಿನ ಕೊನೆಯ ತಲೆಮಾರು. ಹುಡುಗ ಶಾಲೆ ಬಿಟ್ಟದ್ದೂ ಆ ಕಾಲದಲ್ಲಿಯೇ. ನಾನು ಹಲಗೆಯ ಮೇಲೆ ಇಸವಿಗಳನ್ನು ಬರೆಯುತ್ತಿದ್ದಾಗ, ಇತಿಹಾಸದ ಒಂದು ಅಧ್ಯಾಯ ನನ್ನ ತರಗತಿಯ ಬಾಗಿಲಾಚೆ ತಡವಾಗಿ ಬಂದು ನಿಂತಿತ್ತು.

ಹಾಗಾದರೆ ವಿಜಯನಗರಕ್ಕೆ ಅಷ್ಟು ಹೂವನ್ನು ಕೊಯ್ದವರಾರು? ತುಂಗಭದ್ರೆಯ ಆಚೆ ದಡದ ಹೂವಿನಹಡಗಲಿಯಿಂದ ಹಂಪೆಯ ವಿರೂಪಾಕ್ಷನಿಗೆ ಹೂವು ಹೋಗುತ್ತಿತ್ತೆಂದು ಅಲ್ಲಿಯ ಜನ ಹೇಳುತ್ತಾರೆ. ಊರಿನ ಹೆಸರೇ ಆ ಐತಿಹ್ಯಕ್ಕೆ ಸಾಕ್ಷಿಯೆಂಬಂತಿದೆ. ಇಂದು ಹಡಗಲಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಯ ಲೆಕ್ಕ ಕೇಳಿದರೆ ಆ ಹುಡುಗನ ಪ್ರಶ್ನೆಯ ಭಾರ ತಿಳಿಯುತ್ತದೆ. ಸುಮಾರು 800 ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಮೊಗ್ಗು. ಒಂದೊಂದನ್ನೂ ಅರಳುವ ಮೊದಲೇ, ಬೆಳಗಿನಲ್ಲಿಯೇ, ಬೆರಳಿನಿಂದ ಬಿಡಿಸಬೇಕು. ಇದಕ್ಕೆ ಇಂದಿಗೂ ಯಂತ್ರ ಬಂದಿಲ್ಲ. ಬೆಳಗಿನ ಜಾವ ಎದ್ದ ಹೆಂಗಸರು, ಮುದುಕರು, ಶಾಲೆಗೆ ತಡವಾದ ಮಕ್ಕಳು, ಇವರೇ ಅಂದೂ ಕೊಯ್ದವರು. ಅಬ್ದುರ್ ರಜಾಕನ ಕಣ್ಣಿಗೆ ಬಿದ್ದದ್ದು ಬಜಾರು. ಆ ಬಜಾರಿನ ಹಿಂದಿದ್ದವರು ಇವರು.

ಇನ್ನು ನಮ್ಮ ಅಂಗಳದ ಹೂಗಳ ಕಡೆಗೆ ಬರೋಣ. ಇವುಗಳಲ್ಲಿ ಯಾವುವು ನಮ್ಮವು, ಯಾವುವು ಹೊರಗಿನವು? ಕನಕಾಂಬರ, ಅಂದರೆ ನಮ್ಮ ಕಡೆಯವರು ಹೇಳುವ ಅಬ್ಬಲಿಗೆ, ದಕ್ಷಿಣ ಭಾರತದ್ದೇ. ಕರ್ಣಕುಂಡಲವೂ ಈ ನೆಲದ್ದೇ. ಸೇವಂತಿಗೆಯ ತವರು ಚೀನಾ. ದಸರೆಯ ಆಯುಧಪೂಜೆಗೂ ದೀಪಾವಳಿಗೂ ಬೇಕೇ ಬೇಕೆನಿಸುವ ಚೆಂಡುಹೂವು ಮಾತ್ರ ಮೆಕ್ಸಿಕೋ ದೇಶದ್ದು. ಯುರೋಪಿನ ಹಡಗುಗಳು ಅಮೆರಿಕ ಖಂಡವನ್ನು ಮುಟ್ಟಿದ ಮೇಲೆಯೇ, ಮೆಣಸಿನಕಾಯಿಯಂತೆ, ಅದು ಇಲ್ಲಿಗೆ ಬಂದದ್ದು. ಸಂಜೆಮಲ್ಲಿಗೆ, ದೇವಕಣಗಿಲೆ, ಡೇರೆ, ಜಿನಿಯಾ ಇವೆಲ್ಲ ಆ ಖಂಡದ ಹೂಗಳೇ. ನಿತ್ಯಪುಷ್ಪದ ಮೂಲ ಮಡಗಾಸ್ಕರ್ ದ್ವೀಪ. ಕಾಗದದ ಹೂವೆಂದು ನಾವು ಕರೆಯುವ ಬೋಗನ್‌ವಿಲ್ಲಾವನ್ನು 1767ರಲ್ಲಿ ಬ್ರೆಜಿಲಿನಲ್ಲಿ ಗುರುತಿಸಿದವನು ಫ್ರೆಂಚ್ ಸಸ್ಯವಿಜ್ಞಾನಿ ಕಾಮರ್ಸನ್. ಗಿಡಕ್ಕೆ ಹೆಸರು ಬಂದದ್ದು ಆ ನೌಕಾಯಾನದ ನಾಯಕ ಬೋಗನ್‌ವಿಲ್‌ನಿಂದ. ಆ ಯಾನದಲ್ಲಿ ಗಂಡಸಿನ ವೇಷದಲ್ಲಿದ್ದು ಕಾಮರ್ಸನ್ನನಿಗೆ ಸಹಾಯಕಳಾಗಿದ್ದ ಜಾನ್ ಬಾರೆ ಎಂಬಾಕೆಯೇ ಭೂಮಂಡಲವನ್ನು ಸುತ್ತಿದ ಮೊದಲ ಮಹಿಳೆ. ಗಿಡಗಳ ಇತಿಹಾಸದಲ್ಲಿ ಹಿಂದಿನ ಬೆಂಚಿನವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ನಮ್ಮ ಪಕ್ಕದ ಇಕ್ಕೇರಿಗೆ ಬಂದಿದ್ದ. ಅಲ್ಲಿ ಕುಣಿಯುತ್ತಿದ್ದ ಬಾಲೆಯರು ಹಳದಿ ಮತ್ತು ಬಿಳಿಯ ಹೂಗಳನ್ನು ಎತ್ತರವಾದ ಕಿರೀಟದಂತೆ ತಲೆಗೆ ಕಟ್ಟಿಕೊಂಡಿದ್ದುದನ್ನು ಅವನು ತನ್ನ ಪತ್ರದಲ್ಲಿ ವರ್ಣಿಸಿದ್ದಾನೆ. ನಾಲ್ಕು ಶತಮಾನಗಳಾಚೆಯ ಆ ಹೆಣ್ಣುಮಕ್ಕಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರು ಮುಡಿದ ಹೂವಿನ ಬಣ್ಣ ಮಾತ್ರ ಉಳಿದುಬಂದಿದೆ.

ಹೂದೋಟವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬೆಂಗಳೂರಿನ ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಅದಕ್ಕೆ ಅಡಿಪಾಯ ಹಾಕಿದ. ಮಗ ಟೀಪು ಬೆಳೆಸಿದ. ಟೀಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ತೋಟಗಳನ್ನು ನೋಡಿ ಬರೆದಿದ್ದಾನೆ: ಚೌಕಾಕಾರದ ಮಡಿಗಳು, ನಡುವೆ ಕಾಲುದಾರಿ, ದಾರಿಯ ಅಂಚಿಗೆ ಸೈಪ್ರೆಸ್ ಮರಗಳು, ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೂ ಒಂದೊಂದು ಮಡಿ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನನ ಕಾಲದಲ್ಲಿ, 1889ರ ನವೆಂಬರ್ 30ರಂದು, ಗಾಜಿನ ಮನೆಗೆ ಶಂಕುಸ್ಥಾಪನೆಯಾಯಿತು. ಇಂದಿಗೂ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಮಯದ ಫಲಪುಷ್ಪ ಪ್ರದರ್ಶನಗಳು ನಡೆಯುವುದು ಅಲ್ಲಿಯೇ.

ಸಸಿಗಳು ಸಾಗರ ದಾಟಿ ಬಂದ ಬಗೆಯೂ ಸ್ವಾರಸ್ಯವಾದದ್ದು. ಉಪ್ಪುಗಾಳಿಗೆ ಹಡಗಿನ ಮೇಲಿನ ಬಹುಪಾಲು ಸಸಿಗಳು ಸಾಯುತ್ತಿದ್ದವು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತ ಮುಚ್ಚಿದ ಸೀಸೆಯೊಳಗಿನ ಮಣ್ಣಿನಲ್ಲಿ ಜರೀಗಿಡವೊಂದು ತಾನಾಗಿ ಮೊಳೆತು ಬದುಕಿದ್ದನ್ನು ಕಂಡು, ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, 1833ರಲ್ಲಿ ಸಸಿಗಳನ್ನು ಸಿಡ್ನಿಗೆ ಜೀವಂತವಾಗಿ ಕಳುಹಿಸಿದ. ಒಳಗಿನ ತೇವವೇ ಆವಿಯಾಗಿ, ಗಾಜಿಗೆ ತಾಗಿ ಹನಿಯಾಗಿ, ಮತ್ತೆ ಮಣ್ಣಿಗಿಳಿಯುವ ಸರಳ ಉಪಾಯವಿದು. ಎಂಟನೆಯ ತರಗತಿಯಲ್ಲಿ ನಿಮಗೆ ಜಲಚಕ್ರದ ಚಿತ್ರ ಬರೆಸಿದ್ದು ನೆನಪಿರಬಹುದು. ಅದೇ ಚಿತ್ರ ಒಂದು ಪೆಟ್ಟಿಗೆಯೊಳಗೆ ನಡೆಯಿತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕೃಂಬಿಗಲ್ ಅವರನ್ನು ಹೊಸದಾಗಿ ತೋಟ ಮಾಡುವವರು ಅವಶ್ಯವಾಗಿ ನೆನೆಯಬೇಕು. 1932ರವರೆಗೆ ಅವರು ಲಾಲ್‌ಬಾಗಿನ ಹೊಣೆ ಹೊತ್ತರು. ಕನ್ನಂಬಾಡಿಯ ಬೃಂದಾವನದ ವಿನ್ಯಾಸದಲ್ಲಿಯೂ ಅವರ ಕೈವಾಡವಿದೆ. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಬಂಧನವನ್ನೂ ಅನುಭವಿಸಿದರು. ಆದರೂ ಈ ನಾಡನ್ನು ಬಿಡದೆ 1956ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಒಂದು ಜಾತಿಯ ಮರಗಳ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ, ವರ್ಷವಿಡೀ ಬೀದಿಗಳಲ್ಲಿ ಹೂವಿರುವಂತೆ ಮರಗಳನ್ನು ಆರಿಸಿ ನೆಡಿಸಿದ್ದು ಅವರ ವೈಶಿಷ್ಟ್ಯ. ನಾಲ್ಕು ಕುಂಡದವರಿಗೂ ಈ ಪಾಠ ಸಲ್ಲುತ್ತದೆ.

ಇಲ್ಲಿ ನಾನು ಶಿಕ್ಷಕನಾಗಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಬಿ.ಎಡ್. ಓದುವಾಗ ಫ್ರೋಬೆಲ್ಲನ ಬಗ್ಗೆ ಹತ್ತು ಅಂಕದ ಉತ್ತರವನ್ನು ಬಾಯಿಪಾಠ ಮಾಡಿದ್ದೆ. 1837ರಲ್ಲಿ ಅವನು ತೆರೆದ ಶಾಲೆ, ಮುಂದೆ ಅವನು ಅದಕ್ಕಿಟ್ಟ 'ಕಿಂಡರ್‌ಗಾರ್ಟನ್' ಎಂಬ ಹೆಸರು, ಅದರ ಅರ್ಥ ಮಕ್ಕಳ ತೋಟ. ಅವನಿಗೆ ಅದು ಬರಿಯ ಉಪಮೆಯಾಗಿರಲಿಲ್ಲ; ಒಂದೊಂದು ಮಗುವಿಗೂ ತನ್ನದೇ ಆದ ಒಂದು ಪುಟ್ಟ ಪಾತಿ ಇರಬೇಕೆಂದು ಅವನು ಬಯಸಿದ್ದ. ನಮ್ಮ ದೇಶದಲ್ಲಿ 1937ರ ವಾರ್ಧಾ ಸಮ್ಮೇಳನದ ನಂತರ ಮೂಲಶಿಕ್ಷಣದ ಯೋಜನೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನರು. ಕೈಕೆಲಸದ ಮೂಲಕ ಕಲಿಕೆ ಎಂಬ ಆ ಯೋಜನೆಯಲ್ಲಿ ಕೃಷಿ ತೋಟಗಾರಿಕೆಗಳಿಗೂ ಎಡೆಯಿತ್ತು. ಮುಂದೆ ರಾಷ್ಟ್ರಪತಿಗಳಾದ ಅವರು ಸ್ವತಃ ಗುಲಾಬಿಯ ಮಹಾಪ್ರೇಮಿ. ಚಂಡೀಗಢದ ಗುಲಾಬಿ ತೋಟಕ್ಕೆ ಅವರದೇ ಹೆಸರಿದೆ. ಇಷ್ಟೆಲ್ಲ ಓದಿದ್ದ ನಾನು ಮಾಡಿದ್ದೇನು? ಮನೆಗೆಲಸ ಮಾಡದವರಿಗೆ ಶಿಕ್ಷೆಯೆಂದು ಶಾಲೆಯ ಗಿಡಗಳಿಗೆ ನೀರು ಹೊರಿಸಿದೆ. ಗಿಡಕ್ಕೆ ನೀರೆರೆಯುವುದು ದಂಡನೆಯೆಂದು ಎಷ್ಟು ಮಕ್ಕಳ ಮನಸ್ಸಿನಲ್ಲಿ ಕೂತಿತೋ! ನಿಮ್ಮಲ್ಲಿ ಯಾರಾದರೂ ಇಂದಿಗೂ ಹೂಗಿಡವನ್ನು ಕಂಡರೆ ಮುಖ ತಿರುಗಿಸುವಿರಾದರೆ ಅದರಲ್ಲಿ ನನ್ನ ಪಾಲಿದೆ.

ಈಗ ಬೆಂಗಳೂರಿನ ನನ್ನ ವಿದ್ಯಾರ್ಥಿನಿಗೆ, ಮತ್ತು ಹೊಸದಾಗಿ ಆರಂಭಿಸುವ ಎಲ್ಲರಿಗೂ, ನಾನು ತಪ್ಪುಗಳಿಂದಲೇ ಕಲಿತ ನಾಲ್ಕು ಮಾತುಗಳು.

ಮೊದಲು ಬಿಸಿಲನ್ನು ನೋಡಿರಿ. ನಿಮ್ಮ ಬಾಲ್ಕನಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬರುವುದಾದರೆ ಮಾತ್ರ ಗುಲಾಬಿ, ಚೆಂಡುಹೂವಿನ ಆಸೆ ಇಟ್ಟುಕೊಳ್ಳಿರಿ. ಅರೆನೆರಳಿದ್ದರೆ ಅಬ್ಬಲಿಗೆ, ಕರ್ಣಕುಂಡಲಗಳನ್ನು ಪ್ರಯತ್ನಿಸಬಹುದು. ಕುಂಡದ ತಳದಲ್ಲಿ ರಂಧ್ರವಿರಲೇಬೇಕು. ಅದರ ಮೇಲೆ ಹೆಂಚಿನ ಚೂರನ್ನು ಬೋರಲು ಹಾಕಿ, ಕೆಂಪು ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಎಲೆಗೊಬ್ಬರ ಇವನ್ನು ಸಮಪಾಲಾಗಿ ಬೆರೆಸಿ ತುಂಬಿರಿ. ಹಸಿ ಸಗಣಿಯನ್ನು ಹಾಕಬಾರದು, ಬೇರು ಸುಡುತ್ತದೆ.

ಎರಡನೆಯದು ನೀರು. ಹೊಸಬರ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬೆರಳನ್ನು ಒಂದಂಗುಲ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಎರೆಯಿರಿ. ನನ್ನ ಮೂರು ಹೊತ್ತಿನ ಪ್ರೀತಿಯೇ ಎರಡು ಗುಲಾಬಿಗಳನ್ನು ಕೊಂದಿತು.

ಮೂರನೆಯದು ಕಾಲ. ಗುಲಾಬಿಯಿಂದ ಆರಂಭಿಸಬೇಡಿರಿ, ಚೆಂಡುಹೂವಿನಿಂದ ಆರಂಭಿಸಿರಿ. ಹಬ್ಬದ ಮಾಲೆಯ ಒಣಗಿದ ಹೂವನ್ನು ಬಿಡಿಸಿದರೆ ಒಂದು ತುದಿ ಕಪ್ಪು, ಇನ್ನೊಂದು ತುದಿ ಬಿಳಿಯಾದ ಕಡ್ಡಿಯಂಥ ಬೀಜಗಳು ಸಿಗುತ್ತವೆ. ಆರಿದ್ರಾ ಮಳೆಯ ಹೊತ್ತಿಗೆ ಸಸಿಮಡಿಗೆ ಹಾಕಿದರೆ ಮಹಾನವಮಿಗೆ ಹೂವು ಕೈಗೆ ಬರುತ್ತದೆ. ಸೇವಂತಿಗೆ ಹಗಲು ಕಿರಿದಾಗದೆ ಮೊಗ್ಗು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಅದು ಹೂ ಬಿಡಲಿಲ್ಲವೆಂದು ಕೊರಗಬೇಡಿರಿ. ರಾತ್ರಿಯಿಡೀ ವಿದ್ಯುದ್ದೀಪದ ಬೆಳಕು ಬೀಳುವ ಕಡೆ ಅದನ್ನು ಇಡಲೂಬೇಡಿರಿ. ದುಂಡುಮಲ್ಲಿಗೆಗೆ ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಸವರಿದರೆ ಬೇಸಿಗೆಯ ಬಾಗಿಲಲ್ಲಿ ಮೊಗ್ಗು ತುಂಬುತ್ತದೆ. ಗುಲಾಬಿಯನ್ನು ಮಳೆಗಾಲ ಮುಗಿದ ಮೇಲೆ ಸವರಬೇಕು. ಹೀಗೆ ಒಂದೊಂದು ಋತುವಿಗೂ ಒಂದೊಂದು ಕುಂಡವಿದ್ದರೆ ನಿಮ್ಮ ಬಾಲ್ಕನಿಯಲ್ಲಿಯೂ ಕೃಂಬಿಗಲ್ಲರ ಕ್ರಮ ನಡೆಯುತ್ತದೆ.

ನಾಲ್ಕನೆಯದು, ಗಿಡವನ್ನು ದಿನವೂ ನೋಡುವುದು. ದಾಸವಾಳದ ಚಿಗುರಿಗೆ ಬಿಳಿಯ ಹಿಟ್ಟು ಮೆತ್ತಿದಂತೆ ಕಂಡರೆ ಅದು ಹಿಟ್ಟುತಿಗಣೆ. ಆರಂಭದಲ್ಲಿಯೇ ಒದ್ದೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಸೋಪಿನ ನೀರಿಗೆ ಬೇವಿನ ಎಣ್ಣೆ ಬೆರೆಸಿ ಸಿಂಪಡಿಸಿದರೆ ಸಾಕಾಗುತ್ತದೆ. ಅಬ್ಬಲಿಗೆಯ ಒಣಗಿದ ತೆನೆಗೆ ನೀರು ಬಿದ್ದರೆ ಬೀಜ ಚಟ್ಟನೆ ಸಿಡಿಯುತ್ತದೆ; ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ತಪ್ಪದೆ ತೋರಿಸಿರಿ. ಯಾವ ಪಠ್ಯಪುಸ್ತಕವೂ ಕೊಡದ ಸಂತೋಷವದು.

ಆ ದಿನ ಗುಲಾಬಿಯ ಕಾಡುಟಿಸಿಲುಗಳನ್ನು ಕಿತ್ತುಹಾಕಿ, ಚಹ ಕುಡಿದು ಹೊರಟ ನನ್ನ ವಿದ್ಯಾರ್ಥಿಗೆ ಆ ಹಳೆಯ ಪ್ರಶ್ನೆಯನ್ನು ನೆನಪಿಸಿದೆ. ಅವನು ಯೋಚಿಸಿ, "ನನಗ ನೆನಪೇ ಇಲ್ಲರೀ ಸರ್. ನಾ ಸಾಲ್ಯಾಗ ಪ್ರಶ್ನೆ ಸೈತ ಕೇಳ್ತಿದ್ನೇನು?" ಎಂದು ನಕ್ಕ. ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಅವನು ಎಂದೋ ಕೆಳಗಿಳಿಸಿದ್ದ. ತಡವಾಗಿ ಬಂದಾಗ ಹೊರಗೆ ನಿಲ್ಲಿಸಿದ್ದು ನೆನಪಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮರುವಾರ ಅವನೇ ಎರಡು ಹೊಸ ಗುಲಾಬಿ ಸಸಿಗಳನ್ನು ಕಳುಹಿಸಿದ. ಹಣ ಕೊಡಹೋದರೆ, ಗುರುಗಳಿಂದ ತೆಗೆದುಕೊಳ್ಳುವುದಿಲ್ಲವೆಂದು ಹೇಳಿಕಳುಹಿಸಿದ. ಕಸಿಗಂಟಿನ ಮೇಲೆ ಬಣ್ಣದ ದಾರ ಕಟ್ಟಿದ್ದ, ನನಗೆ ಮತ್ತೆ ಗೊಂದಲವಾಗದಿರಲೆಂದು.

ಆ ಎರಡರಲ್ಲಿ ಒಂದು ಈಗ ಹೂವಾಗಿದೆ. ಬೆಳಿಗ್ಗೆ ಅದನ್ನು ಕೊಯ್ಯಲು ಹೋದರೆ ಕೈ ಒಂದು ಗಳಿಗೆ ತಡೆಯುತ್ತದೆ.

ಇಂದು ನಿಮ್ಮ ಮನೆಯ ದೇವರಿಗೆ ಏರಿದ ಹೂವನ್ನು ಯಾರು ಕೊಯ್ದರೆಂದು ಒಮ್ಮೆ ವಿಚಾರಿಸಿ ನೋಡಿರಿ. ನಿಮ್ಮ ನಿಮ್ಮ ಊರಿನ ಹೂಗಾರರ, ಹಿತ್ತಲಿನ ಹೂಗಳ ನೆನಪುಗಳಿದ್ದರೆ ನನಗೆ ಬರೆದು ತಿಳಿಸಿರಿ. ಈ ಸಲ ಪರೀಕ್ಷೆಗೆ ಬರುವುದಿಲ್ಲವೆಂದು ಹೇಳುವುದಿಲ್ಲ, ಕುಳಿತು ಓದುತ್ತೇನೆ.